ಮೂರು ನಿಮಿಷದ ಪ್ಲೇಟು, ರಾತ್ರಿಯಿಡೀ ಜುಂಜಪ್ಪ

ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ಬಾಗಿಲು ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನಲ್ಲಿ ಗ್ರಾಮೊಫೋನ್ ಕಾಲದ ಹಾಡಿನ ಲೋಕ ನೋಡಸಿಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ 10 ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಆಮೇಲೆ ಬಂದ ಎಲ್.ಪಿ.ಯಲ್ಲೂ ಮಗ್ಗುಲಿಗೆ ಇಪ್ಪತ್ತು ಚಿಲ್ಲರೆ ನಿಮಿಷವಷ್ಟೇ.

ಶಿರಾ ಸೀಮೆಯ ಜುಂಜಪ್ಪನ ಹಾಡನ್ನು ಇಷ್ಟು ನಿಮಿಷದೊಳಗೆ ಕೂರಿಸುವುದು ಹೇಗೆ?

ಜುಂಜಪ್ಪ ಕಾಡುಗೊಲ್ಲರ ವೀರ, ದನಗಾಹಿ, ದೈವ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆಯಿದೆ. ಶಿರಾ, ಪಾವಗಡ, ಮಧುಗಿರಿ ಕಡೆಯ ಗೊಲ್ಲರಹಟ್ಟಿಗಳಲ್ಲಿ ಅವನ ಕತೆ ಹಾಡಲು ಕೂತರೆ ಅದು ರಾತ್ರಿಯಿಡೀ ಸಾಗುತ್ತದೆ, ಹೊತ್ತು ಹೋಗುವುದೇ ತಿಳಿಯದು. ಜೊತೆಗೆ ಗಣೆ ಇರಬೇಕು. ಮಾಮೂಲಿ ಕೊಳಲಿಗಿಂತ ಬಲು ಉದ್ದದ ಈ ಬಿದಿರು ವಾದ್ಯ ಹಟ್ಟಿಯವರಿಗೆ ದೇವರ ವಸ್ತು. ಊದುವವನ ಉಸಿರು ಹಾಡಿನ ಸಾಲಿಗೆ ಆತುಕೊಂಡೇ ಸಾಗುತ್ತದೆ.

ಜುಂಜಪ್ಪನ ಈ ಹಾಡುಗತೆಯ ಕಾವ್ಯಕ್ಕೆ ಕವಿ ಇಂಥವನೇ ಎಂದಿಲ್ಲ. ಹಾಡುವವನೇ ಅಲ್ಲಲ್ಲಿ ಸಾಲು ಕಟ್ಟುತ್ತಾನೆ, ಕೂತವರ ಮುಖ ನೋಡಿ ಕತೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದನ್ನು ಪುಸ್ತಕವಾಗಿ ತಂದು ದೊಡ್ಡ ಉಪಕಾರ ಮಾಡಿದೆ. ಪುಟದಲ್ಲಿ ಪದ ಉಳಿಯಿತು. ಗಣೆಯ ದನಿಗೆ ಮಾತ್ರ ಧ್ವನಿಮುದ್ರಣವೇ ಬೇಕು.

ಈಗ ಪ್ಲೇಟಿನ ಅಳತೆಯ ಕಟ್ಟುಪಾಡಿಲ್ಲ. ಮೊಬೈಲಿನಲ್ಲೇ ಇಡೀ ರಾತ್ರಿಯನ್ನು ಹಿಡಿಯಬಹುದು. ಹಾಡುಗಾರರ ಒಪ್ಪಿಗೆ ಪಡೆದು, ಹೆಸರು, ಹಟ್ಟಿ, ತಾರೀಖು ಜೊತೆಗೆ ಬರೆದಿಟ್ಟರೆ ಅದು ಯಾವ ಮ್ಯೂಸಿಯಂಗಾದರೂ ಸಲ್ಲುವ ಸಂಗ್ರಹ. ಹತ್ತಿರದಲ್ಲೇ ತುಮಕೂರು ವಿಶ್ವವಿದ್ಯಾಲಯವಿದೆ, ರಾಮನಗರದಲ್ಲಿ ಜಾನಪದ ಲೋಕವಿದೆ. ಯಾರಾದರೂ ಈ ವರ್ಷವೇ ಕಳುವರಹಳ್ಳಿಗೆ ಮೈಕ್ ಹಿಡಿದು ಹೋಗಲಿ.