ಹಿಂಡೋ ಡಬ್ಬಿ

ಪುಣೆಯ ನಮ್ಮ ಬಾಲ್ಕನಿಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ 1996ರದ್ದು. ಬಟ್ಟೆ ಹಿಂಡಿ ಹಿಂಡಿ ಅಮ್ಮನ ಮಣಿಕಟ್ಟು ಸೋತಾಗ ಅಪ್ಪ ಕಂತಿನ ಮೇಲೆ ತಂದದ್ದು. ಕಳೆದ ತಿಂಗಳು ಅದರ ಸ್ಪಿನ್ನರ್ ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ‘ಗುಜರಿಗೆ ಹಾಕಿ’ ಎಂದ.

ಪ್ಲಗ್ ಕಿತ್ತು ಕೈಯಿಂದ ತಿರುಗಿಸಿದೆ, ಸಲೀಸಾಗಿ ತಿರುಗಿತು. ಅಂದರೆ ಬೇರಿಂಗ್ ಹಿಡಿದಿಲ್ಲ. ಮೋಟಾರಿಗೆ ಮೊದಲ ನೂಕು ಕೊಡುವ ಕೆಪಾಸಿಟರ್ ಸೊರಗಿರಬೇಕು. ಹಿಂಬದಿ ಬಿಚ್ಚಿ, ಅದರಲ್ಲಿ ಉಳಿದಿರಬಹುದಾದ ಕರೆಂಟನ್ನು ರೆಸಿಸ್ಟರ್ ಹಿಡಿದು ಇಳಿಸಿ, ಅಷ್ಟೇ ಮೈಕ್ರೋಫ್ಯಾರಡ್‌ನ ಹೊಸದನ್ನು ಜೋಡಿಸಿದೆ.

ಅನುವಾದಕ್ಕೆ ಬರುವ ಕೈಪಿಡಿಗಳಲ್ಲಿ ‘ಸ್ಪಿನ್’ ಎಂದೇ ಬರೆದು ಕೈತೊಳೆದುಕೊಂಡವಳು ನಾನು. ಅಮ್ಮನಿಗೆ ಅದು ಮೊದಲಿನಿಂದಲೂ ‘ಹಿಂಡೋ ಡಬ್ಬಿ’. ನನ್ನ ಪದದಲ್ಲಿ ಮೋಟಾರಿದೆ, ಅವಳದರಲ್ಲಿ ಮಣಿಕಟ್ಟಿದೆ.

ಸ್ವಿಚ್ ಹಾಕಿದೆ. ಅಮ್ಮ ಒಳಗಿನಿಂದಲೇ ಕೇಳಿದಳು: “ಹಿಂಡ್ತಾ?”

ಟವೆಲ್ ಅವಳ ಕೈಗಿಟ್ಟೆ. ಮುಟ್ಟಿ ನೋಡಿ, ಹಗ್ಗಕ್ಕೆ ಹರವಿದಳು.