ನಾಗಪುರಕ್ಕೆ ಹೊರಡೋ ಮುಂಚೆ



ವಿಜಯದಶಮಿಗೆ ಹುಲಿಯೂರುದುರ್ಗದಿಂದ ನಾಗಪುರದ ದೀಕ್ಷಾಭೂಮಿಗೆ ಟೆಂಪೋ ಮಾಡ್ಕೊಂಡು ಹೋಗೋದು ಅಂತ ತೀರ್ಮಾನ ಆಗಿದೆ. ಕರ್ನೂಲು, ಹೈದರಾಬಾದ್, ಆದಿಲಾಬಾದ್ ದಾಟಿ ಸುಮಾರು 1,200 ಕಿ.ಮೀ. ಹೊರದೇಶಗಳಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಕೊಂಡು ಮನೆಯನ್ನೇ ಎಳ್ಕೊಂಡು ಹೋಗ್ತಾರೆ, ಖುಷಿಗೆ. ನಮ್ಮ ಪಟ್ಟಿಯಲ್ಲೂ ಒಲೆ, ಪಾತ್ರೆ, ಚಾಪೆ, ರಾಗಿಹಿಟ್ಟು ಇದೆ. ಎಲ್ಲಕ್ಕಿಂತ ಮೇಲೆ ಬರೆದಿರೋದು ನೀರಿನ ಕ್ಯಾನು.

"ದಾರೀಲಿ ನೀರು ಸಿಗಲ್ವಾ?" ಅಂದ್ರು ಹುಡುಗರು. ಸಿಗುತ್ತೆ. ಆದ್ರೂ ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿರೋ 1901ರ ಪ್ರಯಾಣ ಓದಿ. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳು ಮಹಾರರು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆದರು. ಬುಟ್ಟಿಯಲ್ಲಿ ಊಟ ಇತ್ತು, ಕುಡಿಯೋಕೆ ನೀರಿಲ್ಲ. ಹಸಿದೇ ಮಲಗಿದರು. ಅದೇ ಹುಡುಗ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮಕ್ಕೆ ಕಾಲಿಟ್ಟರು.

ನಮ್ಮ ಕೇರಿಯ ಅಜ್ಜಿಯೊಬ್ಬರು, "ರಾತ್ರಿ ಎಲ್ಲಿ ಮಲಗಿಸ್ತೀಯಪ್ಪಾ? ಜಾತಿ ಕೇಳಲ್ವಾ?" ಅಂದ್ರು. ಎಷ್ಟು ದೂರ ಅಂತ ಅವರು ಕೇಳಲೇ ಇಲ್ಲ.

ನೀರು ತಗೊಂಡು ಹೋಗೋಣ. ಆದ್ರೆ ದಾರಿಯ ಹೋಟೆಲಲ್ಲಿ ಎಲ್ರೂ ಇಳಿದು, ಅಜ್ಜಿಯನ್ನ ಮುಂದಿನ ಟೇಬಲ್ಲಿಗೆ ಕೂರಿಸಿ ಟೀ ಕುಡಿಸೋಣ. ಸೀಟು ಹಿರಿಯರಿಗೆ ಮೊದಲು. ಬರೋರು ಹೆಸರು ಕೊಡಿ.