ಹಟ್ಟಿಯಿಂದ ಕಡಲಿಗೆ

ಅಲೆವೂರಿನ ನಮ್ಮ ಮನೆಯಿಂದ ಕಡಲು ಕಾಣುವುದಿಲ್ಲ. ಊರಿನ ಹೆಸರಲ್ಲಿ ಅಲೆ ಇದೆ, ಸುತ್ತ ಇರುವುದು ಗದ್ದೆ, ತೆಂಗು, ಕಂಗು. ಮಳೆಗಾಲದ ರಾತ್ರಿ ಗಾಳಿ ಪಡುವಣದಿಂದ ಬೀಸಿದರೆ ಮಾತ್ರ ದೂರದ ಮೊರೆತ ಕಿವಿಗೆ ಬೀಳುತ್ತದೆ. ಆ ಮೊರೆತದ ಒಳಗೆ ನಮ್ಮ ಹಾಗೆಯೇ ಬಿಸಿರಕ್ತದ, ಮರಿಗೆ ಹಾಲೂಡುವ ಜೀವಗಳು ಬದುಕುತ್ತಿವೆ ಎಂಬುದನ್ನು ಕಣ್ಣಾರೆ ಕಾಣಲು ನನಗೆ ಇಷ್ಟು ವರ್ಷ ಬೇಕಾಯಿತು.

ನವೆಂಬರ್ ಕೊನೆಯ ಒಂದು ನಸುಕಿನಲ್ಲಿ ಹೊರಟಾಗ ಅಮ್ಮ ಹಟ್ಟಿಯಲ್ಲಿದ್ದಳು. ನಮ್ಮ ಮಲೆನಾಡು ಗಿಡ್ಡ ಕರು ಹಾಕಿ ತಿಂಗಳಾಗಿತ್ತು. ಅಮ್ಮ ಹಸುವಿನ ಹಿಂದೆ ನಿಂತು ಸೊಂಟದ ಎಲುಬಿನ ಮೇಲೆ ಅಂಗೈ ಆಡಿಸಿ, "ಬೆನ್ನು ಸ್ವಲ್ಪ ಇಳಿದಿದೆ, ಇವತ್ತಿಂದ ಹಿಂಡಿ ಜಾಸ್ತಿ ಹಾಕ್ಬೇಕು" ಅಂದಳು. ನನಗೆ ಏನೂ ಕಾಣಲಿಲ್ಲ. ಪಶುವೈದ್ಯರು ಇದನ್ನೇ ಒಂದರಿಂದ ಐದರವರೆಗೆ ಅಂಕ ಹಾಕಿ ಅಳೆಯುತ್ತಾರೆ. ಅಮ್ಮನಿಗೆ ಅಂಗೈ ಸಾಕು.

"ಎಲ್ಲಿಗೆ ಇಷ್ಟು ಬೇಗ?"

"ಮಲ್ಪೆಗಮ್ಮ, ಡಾಲ್ಫಿನ್ ನೋಡ್ಲಿಕ್ಕೆ."

"ಹೇಗಿದ್ದವು ಅಂತ ಬಂದು ಹೇಳು ಮಗಾ."

ಕೊರಂಗ್ರಪಾಡಿ ದಾಟಿ ಹೆದ್ದಾರಿ ಸೇರಿ, ಕರಾವಳಿ ಬೈಪಾಸ್‌ನಲ್ಲಿ ಎಡಕ್ಕೆ ತಿರುಗಿದರೆ ಮಲ್ಪೆ ದೂರವಲ್ಲ. ದೋಣಿಯ ಅಣ್ಣ ಮೊದಲು ಮೀನಿಗೆ ಹೋಗುತ್ತಿದ್ದವರು. ಅಳಿವೆ ದಾಟುತ್ತಿದ್ದಂತೆ ಹಿಂದಿರುಗಿ ನೋಡಿದೆ. ಘಟ್ಟದ ನೀಲಿ ಗೆರೆ, ಅದರ ಮುಂದೆ ಮಣಿಪಾಲದ ಗುಡ್ಡ, ಗುಡ್ಡದ ಮೇಲಿನ ಎತ್ತರದ ಕಟ್ಟಡಗಳ ನಡುವಿನಿಂದ ಸೂರ್ಯ ಮೇಲೇಳುತ್ತಿದ್ದ. ಕಡಲು ಎಣ್ಣೆ ಸವರಿದಂತೆ ನುಣ್ಣಗಿತ್ತು. ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಕಾಣುವಷ್ಟರಲ್ಲಿ ಅಣ್ಣ ಎಂಜಿನ್ ನಿಲ್ಲಿಸಿಬಿಟ್ಟರು.

"ಅವುಳು ತೂಲೆ!" ಅಲ್ಲಿ ನೋಡಿ ಎಂದು ತುಳುವಿನಲ್ಲಿ ಕೂಗಿದರು.

ಮೊದಲು ಕೇಳಿಸಿದ್ದು ಉಸಿರು. "ಫುಸ್ಸ್" ಎಂದು, ಪಕ್ಕದಲ್ಲೇ ಯಾರೋ ನಿಟ್ಟುಸಿರಿಟ್ಟ ಹಾಗೆ. ಅನಂತರ ನೀರಿನಿಂದ ಉದ್ದ ಮೂತಿ ಹೊರಬಂತು, ಅದರ ಹಿಂದೆ ಬೂದು ತಲೆ, ಗೂನುಬೆನ್ನು, ಆ ಗೂನಿನ ತುದಿಯಲ್ಲಿ ಪುಟ್ಟ ರೆಕ್ಕೆ. ಎಲ್ಲವೂ ಅವಸರವಿಲ್ಲದೆ ಒಂದು ಚಕ್ರ ಉರುಳಿದಂತೆ ಎದ್ದು ಮುಳುಗಿತು. ಎರಡೂವರೆ ಮೀಟರ್ ಉದ್ದದ ಆ ಮೈ ನನ್ನಿಂದ ಹತ್ತು ಮಾರು ದೂರದಲ್ಲಿ! ಅದರ ಉಸಿರಿನ ಹನಿ ಗಾಳಿಗೆ ತೇಲಿ ಬಂದು ನನ್ನ ಮುಖಕ್ಕೆ ತಾಗಿತು. ಮೀನಿನ ವಾಸನೆಯ ಆ ತಣ್ಣನೆ ಹನಿಯನ್ನು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಇವು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್‌ಗಳು. ಆಳ ಕಡಲಿಗೆ ಹೋಗುವವಲ್ಲ, ದಂಡೆಗೆ ಅಂಟಿಕೊಂಡೇ, ಇಪ್ಪತ್ತೈದು ಮೀಟರ್ ಆಳದೊಳಗಿನ ನೀರಿನಲ್ಲೇ ಹೆಚ್ಚಾಗಿ ಬದುಕುವವು. ನಮ್ಮ ಬಲೆ, ನಮ್ಮ ಹೊಳೆ ತರುವ ಕೊಳೆ, ನಮ್ಮ ದೋಣಿಯ ಸದ್ದು ಎಲ್ಲವೂ ಅವುಗಳ ಅಂಗಳದಲ್ಲೇ. ಅಳಿವಿನಂಚಿನ ಪಟ್ಟಿಯಲ್ಲಿವೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯೂ ಅವಕ್ಕಿದೆ.

ಗೂನು ನೋಡಿದ ಕೂಡಲೇ ನನಗೆ ಹಟ್ಟಿ ನೆನಪಾಯಿತು. ಎತ್ತಿನ ಹಿಣಿಲಿನ ಹಾಗೆಯೇ ಇದೆ. "ಒಳ್ಳೆ ಕೊಬ್ಬಿದೆ ಅಲ್ವಾ ಅಣ್ಣ" ಅಂದೆ.

"ಗೂನು ನೋಡಿ ಮೋಸ ಹೋಗ್ಬೇಡಿ ಮಾರಾಯ್ರೆ, ಅದು ಹುಟ್ಟಿದ್ದು. ಕುತ್ತಿಗೆ ನೋಡ್ಬೇಕು. ಒಂದು ಸತ್ತು ದಂಡೆಗೆ ಬಂದಿತ್ತು, ತಲೆಯ ಹಿಂದೆ ನನ್ನ ಮುಷ್ಟಿ ಹಿಡಿಯುವಷ್ಟು ಹೊಂಡ."

ಪುಸ್ತಕದಲ್ಲಿ ಓದಿದ್ದು ಅವರ ಬಾಯಿಂದ ಕೇಳಿ ರೋಮಾಂಚನವಾಯಿತು. ತಿಮಿಂಗಿಲ, ಡಾಲ್ಫಿನ್‌ಗಳ ಆರೋಗ್ಯ ನೋಡುವ ವಿಜ್ಞಾನಿಗಳ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಉಸಿರಾಡುವ ರಂಧ್ರದ ಹಿಂದಿನ ಭಾಗ ಉಬ್ಬಿ ನುಣುಪಾಗಿದ್ದರೆ ಹೊಟ್ಟೆ ತುಂಬಿದ ಜೀವ. ಅಲ್ಲಿ ತಗ್ಗು ಬಿದ್ದರೆ, ತಲೆ ಬೇರೆ ಮೈ ಬೇರೆ ಎಂಬಂತೆ ಕಂಡರೆ, ಕೊಬ್ಬು ಕರಗುತ್ತಿದೆ ಎಂದರ್ಥ. ಆಮೇಲೆ ಬೆನ್ನಿನ ಇಕ್ಕೆಲದ ಸ್ನಾಯು ಇಳಿಯುತ್ತದೆ, ಕೊನೆಗೆ ಪಕ್ಕೆಲುಬು ಎಣಿಸುವ ಹಾಗೆ ಎದ್ದು ಕಾಣುತ್ತದೆ. ಚರ್ಮವನ್ನೂ ಓದಬೇಕು: ಸಂಗಾತಿಗಳ ಹಲ್ಲಿನ ಗೀರು ಸಹಜ, ಬಲೆಯ ದಾರ ಕೊಯ್ದ ಗುರುತು ಸಹಜವಲ್ಲ. ವೈರಸ್‌ನಿಂದ ಮೂಡುವ ಹಚ್ಚೆಯಂಥ ಕಲೆಗಳೂ ಇರುತ್ತವೆ.

ಆ ಕೊಬ್ಬು ಬರೀ ಕೊಬ್ಬಲ್ಲ. ಅದು ಕಂಬಳಿ, ಅದೇ ಬುತ್ತಿ, ಅದೇ ನೀರಿನ ಕೊಡ. ಉಪ್ಪು ಕಡಲಿನ ನಡುವೆ ಇದ್ದರೂ ಡಾಲ್ಫಿನ್ ಬಾಯಾರಿಕೆಗೆ ಕಡಲ ನೀರನ್ನು ನೆಚ್ಚಿಕೊಂಡಿಲ್ಲ. ತಿಂದ ಮೀನಿನಿಂದ ಮತ್ತು ಕರಗಿದ ಕೊಬ್ಬಿನಿಂದಲೇ ಅದಕ್ಕೆ ನೀರು. ಹಸಿದ ಡಾಲ್ಫಿನ್ ಬಾಯಾರಿದ ಡಾಲ್ಫಿನ್ ಕೂಡ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಇನ್ನೂ ಕ್ರೂರವಾದದ್ದೊಂದಿದೆ. ಕಾರ್ಖಾನೆಗಳಿಂದ ಕಡಲು ಸೇರಿದ ಕೆಲವು ವಿಷಗಳು ಆ ಕೊಬ್ಬಿನಲ್ಲೇ ಸಂಗ್ರಹವಾಗುತ್ತವೆ, ತಾಯಿ ಕೊಬ್ಬು ಕರಗಿಸಿ ಹಾಲು ಮಾಡುವಾಗ ಹಾಲಿಗೆ ಇಳಿಯುತ್ತವೆ. ಹೆಚ್ಚಿನ ಪಾಲು ಚೊಚ್ಚಲ ಮರಿಗೆ.

ನಾವು ನೋಡುತ್ತಿದ್ದ ಗುಂಪಿನಲ್ಲೂ ಒಂದು ಮರಿಯಿತ್ತು. ತಾಯಿಯ ಪಕ್ಕೆಗೆ ಅಂಟಿ, ಅವಳ ಉಸಿರಿಗೆ ಉಸಿರು ಸೇರಿಸಿ ಏಳುತ್ತಿತ್ತು. ತಾಯಿಯ ಕುತ್ತಿಗೆ ತುಂಬಿತ್ತು, ಆದರೆ ರೆಕ್ಕೆಯ ಕೆಳಗೆ ಬೆನ್ನು ತುಸು ಇಳಿದಂತೆ ಕಂಡಿತು. ಆಸ್ಟ್ರೇಲಿಯಾದ ದಕ್ಷಿಣ ದಂಡೆಯಲ್ಲಿ ಡ್ರೋನ್ ಹಾರಿಸಿ ರೈಟ್ ತಿಮಿಂಗಿಲಗಳ ಉದ್ದಗಲ ಅಳೆದವರು ಇದನ್ನು ಲೆಕ್ಕದಲ್ಲೇ ತೋರಿಸಿದ್ದಾರೆ: ಮೂರು ತಿಂಗಳು ಉಪವಾಸವಿದ್ದು ಮರಿಗೆ ಹಾಲೂಡುವ ತಾಯಿಯ ಗಾತ್ರ ಕಾಲುಭಾಗ ಕರಗಿಹೋಗುತ್ತದೆ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳ ಕಥೆ ಇದಕ್ಕಿಂತ ಕಷ್ಟದ್ದು. ಮೀನುಗಾರಿಕೆಯ ಹಗ್ಗಗಳನ್ನು ಎಳೆದುಕೊಂಡೇ ಈಜಿ ಸೊರಗುವ ಆ ಸಂತತಿಯಲ್ಲಿ, 1981ರಲ್ಲಿ ಹುಟ್ಟಿದವಕ್ಕಿಂತ 2019ರಲ್ಲಿ ಹುಟ್ಟಿದವು ಪೂರ್ತಿ ಬೆಳೆದರೂ ಸುಮಾರು ಒಂದು ಮೀಟರ್ ಗಿಡ್ಡ ಎಂದು 2021ರ ಅಧ್ಯಯನವೊಂದು ಹೇಳಿತು.

"ಬಲೆಗೆ ಬೀಳ್ತವಾ ಅಣ್ಣ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬೀಳ್ತವೆ. ಯಾರಿಗೂ ಬೇಕೂಂತ ಅಲ್ಲ. ಬಲೆಯೂ ಹೋಯ್ತು, ಜೀವವೂ ಹೋಯ್ತು." ಗೂನುಬೆನ್ನಿನ ಡಾಲ್ಫಿನ್‌ಗಳಿಗೆ ಎಲ್ಲೆಡೆ ದೊಡ್ಡ ಗಂಡಾಂತರ ಗಿಲ್‌ನೆಟ್ ಬಲೆಯೇ. ನೀರಿನೊಳಗೆ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರೆಳೆಯುವಂತಿಲ್ಲ.

ಸಂಜೆ ಕಾಪುವಿಗೆ ಹೋದೆ. 1901ರ ದೀಪಸ್ತಂಭ ಹತ್ತಿ ನಿಂತೆ. ಡ್ರೋನ್‌ನ ಹಾಗೆ ಮೇಲಿನಿಂದ ನೋಡಿದರೆ ಮೈಯ ಅಗಲ ತಿಳಿಯುತ್ತದಲ್ಲ ಎಂಬ ಆಸೆ. ಒಂದೂ ಕಾಣಲಿಲ್ಲ. ಬಂಡೆಗೆ ಬಡಿಯುವ ನೊರೆ, ಕೆಂಪು ನೀರು, ಮರಳುತ್ತಿದ್ದ ದೋಣಿಗಳು. ಕತ್ತಲಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ಮನೆಗೆ ಬಂದಾಗ ಅಮ್ಮ ಹಿಂಡಿ ಕಲಸುತ್ತಿದ್ದಳು. "ಹೇಗಿದ್ದವು?"

"ಚೆನ್ನಾಗಿದ್ದವಮ್ಮ. ಮರಿ ಇದ್ದವಳ ಬೆನ್ನು ಮಾತ್ರ ಸ್ವಲ್ಪ ಇಳಿದಿತ್ತು."

ಅಮ್ಮನ ಕೈ ನಿಂತಿತು. "ಹಾಲು ಕೊಡುವವಳಲ್ವಾ. ಅವಳಿಗೆ ಬೂತಾಯಿ ಸಿಗ್ತದಾ ಅಲ್ಲಿ?"

ಬೂತಾಯಿ ಮೀನು ಒಂದು ವರ್ಷ ಬುಟ್ಟಿ ತುಂಬ ಬರುತ್ತದೆ, ಇನ್ನೊಂದು ವರ್ಷ ಮಾಯವಾಗುತ್ತದೆ. ಏನು ಹೇಳಲಿ? ಹಸುವಿನ ಹಿಂದೆ ಹೋಗಿ ನಿಂತು, ಅಮ್ಮ ಇಟ್ಟಲ್ಲೇ ಅಂಗೈ ಇಟ್ಟೆ. ಎಲುಬಿನ ಪಕ್ಕದಲ್ಲಿ ಒಂದು ಸಣ್ಣ ತಗ್ಗು ಕೈಗೆ ಸಿಕ್ಕಿತು.